ಗೆರೆ ಇಳಿಯಿತು, ಕಾಡು ಉಳಿಯಿತು!

ಜಪಾನನ್ನೂ ಚೀನಾವನ್ನೂ ಅಕ್ಕಪಕ್ಕ ಕೂರಿಸಿ ಉಷ್ಣವಲಯದ ದಿಮ್ಮಿಗಳ ಆಮದಿನ ಗ್ರಾಫ್ ಬರೆದರೆ ನೀತಿಪಾಠ ತಾನಾಗಿಯೇ ತಯಾರಾಗುತ್ತದೆ. 1973ರಲ್ಲಿ 2.5 ಕೋಟಿ ಘನ ಮೀಟರ್ ದಾಟಿದ್ದ ಜಪಾನಿನ ಗೆರೆ ಈಗ ನೆಲ ಕಚ್ಚಿದೆ. ಚೀನಾದ್ದು 1998ರ ನಂತರ ಗುಡ್ಡ ಹತ್ತಿದೆ. ಒಬ್ಬರು ಸಾಧುವಾದರು, ಇನ್ನೊಬ್ಬರು ಕೊಡಲಿ ಹಿಡಿದರು. ವರದಿ ಮುಗಿಯಿತು, ಚಹಾ ತನ್ನಿ.

ಸಾಧುವಾಗುವ ವಿಧಾನ ಸುಲಭ. ಮೊದಲು ಫಿಲಿಪ್ಪೀನ್ಸ್‌ನ ಲವಾನ್ ಮರ ಖಾಲಿ ಮಾಡಬೇಕು, ಆಮೇಲೆ ಇಂಡೊನೇಷ್ಯಾದ್ದು. ಅಲ್ಲಿಯವರು 1985ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿದರೆ ಮಲೇಷ್ಯಾದ ಸಬಾ, ಸರವಾಕ್ ರಾಜ್ಯಗಳು ಇದ್ದೇ ಇವೆ. ಅಲ್ಲೂ ದಿಮ್ಮಿ ಕೈಗೆಟುಕದಾದಾಗ ಅದನ್ನೇ ಪ್ಲೈವುಡ್ ಮಾಡಿಸಿ ತರಿಸಿಕೊಳ್ಳುವುದು. ಕಸ್ಟಮ್ಸ್ ಪುಸ್ತಕದಲ್ಲಿ ದಿಮ್ಮಿಗೆ ಸಂಕೇತ 4403, ಪ್ಲೈವುಡ್‌ಗೆ 4412. ಮರ ನಾಲ್ಕು ಪುಟ ದಾಟಿದರೆ ಸಾಕು, ಕಾಡು ಉಳಿದಂತೆ!

ಹಟ ಹಿಡಿದು ಲೆಕ್ಕ ಕೇಳುವವರಿಗೆ ಇಷ್ಟು: ಜಪಾನಿನಲ್ಲಿ ಕಾಂಕ್ರೀಟ್ ಸೆಂಟ್ರಿಂಗ್‌ಗೆ ಹೊಡೆಯುವ ಹಾಳೆ 900×1800 ಮಿ.ಮೀ., ದಪ್ಪ 12. ಅಂದರೆ 0.0194 ಘನ ಮೀಟರ್. ಒಂದು ಘನ ಮೀಟರ್ ಪ್ಲೈವುಡ್‌ಗೆ ಸುಮಾರು 2.3 ಘನ ಮೀಟರ್ ದಿಮ್ಮಿ ಬೇಕು. ಲೇತ್ ಮೇಲೆ ತಿರುಗಿಸಿ ಪದರ ಸುಲಿಯುವಾಗ ಮೊದಲ ಅಂಕುಡೊಂಕು ಸುತ್ತುಗಳು ಹೋಗುತ್ತವೆ, ನಡುವಿನ ಕಂಬ ಉಳಿದುಬಿಡುತ್ತದೆ, ಒಣಗಿಸಿದಾಗ ಕುಗ್ಗುತ್ತದೆ, ಅಂಚು ಕತ್ತರಿಸಬೇಕು. ಕೊನೆಗೆ 22 ಹಾಳೆಗೆ ಒಂದು ಘನ ಮೀಟರ್ ದಿಮ್ಮಿ. ಆಗ್ನೇಯ ಏಷ್ಯಾದ ಮಳೆಕಾಡಿನಲ್ಲಿ ತಲೆಮಾರುಗಳ ಕಾಲ ಬೆಳೆದ ಮೆರಾಂಟಿ ಮರದ ಬಾಳಿನ ಸಾರ್ಥಕತೆ ಏನು? ಕಾಂಕ್ರೀಟ್ ಗಟ್ಟಿಯಾಗುವ ತನಕ ಹಿಡಿದುಕೊಳ್ಳುವುದು. ಕೆಲವು ಸಲ ಬಳಸಿ, ಅಂಚು ಬಿಟ್ಟುಕೊಂಡ ಮೇಲೆ ಕಸಕ್ಕೆ. ಪ್ಲೈವುಡ್ ಸೇರಿಸಿದರೂ ಜಪಾನಿನ ಗೆರೆ ಇಳಿಯುತ್ತದೆ, ಸುಳ್ಳಲ್ಲ. ಆದರೆ ಅಷ್ಟು ಬೇಗನೆ, ಅಷ್ಟು ಪುಣ್ಯವಂತವಾಗಿ ಅಲ್ಲ.

ಟೋಕಿಯೋ ಒಲಿಂಪಿಕ್ಸ್‌ನ ಹೊಸ ಕ್ರೀಡಾಂಗಣದ ಸೂರಿನಂಚಿಗೆ ಅಲ್ಲಿನ 47 ಪ್ರಾಂತ್ಯಗಳಿಂದಲೂ ಮರ ತಂದು ಜೋಡಿಸಿದರು, ಕ್ಯಾಮೆರಾಗೆ ಬಲು ಚೆಂದ. ಕಾಂಕ್ರೀಟಿಗೆ ಆಸರೆಯಾಗಿದ್ದ ಮಲೇಷ್ಯಾ, ಇಂಡೊನೇಷ್ಯಾದ ಪ್ಲೈವುಡ್‌ಗೆ ಉದ್ಘಾಟನೆಯ ಕರೆ ಇರಲಿಲ್ಲ. ಹಾಗೆ ನೋಡಿದರೆ ಜಪಾನಿನ ಮೂರರಲ್ಲಿ ಎರಡು ಪಾಲು ಕಾಡೇ. ಎರಡನೇ ಮಹಾಯುದ್ಧದ ನಂತರ ನೆಟ್ಟ ಸುಗಿ (ಜಪಾನಿ ಸೀಡರ್) ಮರಗಳು ಕಡಿಯುವವರಿಲ್ಲದೆ ಬಲಿತು, ಪ್ರತಿ ವಸಂತದಲ್ಲಿ ಪರಾಗ ಉದುರಿಸಿ ಕೋಟ್ಯಂತರ ಜನರನ್ನು ಸೀನಿಸುತ್ತವೆ. ಅಂದಹಾಗೆ, ಅಂತರರಾಷ್ಟ್ರೀಯ ಉಷ್ಣವಲಯ ಮರ ಸಂಘಟನೆ 1986ರಲ್ಲಿ ಶುರುವಾದಾಗ ಕಚೇರಿಗೆ ಜಾಗ ಸಿಕ್ಕಿದ್ದು ಯೊಕೊಹಾಮಾದಲ್ಲಿ, ಆಗಿನ ದೊಡ್ಡ ಗಿರಾಕಿಯ ಮನೆಯಲ್ಲೇ.

ಚೀನಾ ಪಾಠ ಬೇಗ ಕಲಿಯಿತು. 1998ರ ಯಾಂಗ್ಟ್ಸೆ ಪ್ರವಾಹದ ಬಳಿಕ ತನ್ನ ನೈಸರ್ಗಿಕ ಕಾಡಿಗೆ ಬೇಲಿ ಹಾಕಿ, 1999ರಲ್ಲಿ ದಿಮ್ಮಿಯ ಆಮದು ಸುಂಕ ತೆಗೆದುಹಾಕಿತು. ನೀರು ತಡೆಯುವ ಮರ ಮನೆಯಲ್ಲಿ, ಉರುಳುವ ಮರ ಪಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳಲ್ಲಿ. ಮನೆಗೆ ಉಪಕಾರಿ, ಊರಿಗೆ ಮಾರಿ! ಆದರೆ ಆ ದಿಮ್ಮಿಗಳಲ್ಲಿ ಒಂದು ಪಾಲು ಪ್ಲೈವುಡ್ಡೋ ಕುರ್ಚಿಯೋ ಆಗಿ ಜಪಾನ್, ಅಮೆರಿಕ, ಯುರೋಪಿಗೆ ಹೊರಡುತ್ತದೆ. ಪೀಠೋಪಕರಣಕ್ಕೆ 94ನೇ ಅಧ್ಯಾಯ. ಆರಂಕಿಯ ಅಂತರರಾಷ್ಟ್ರೀಯ ಸಂಕೇತ ಕುರ್ಚಿಯನ್ನು "ನೀನು ಯಾವ ಕಾಡಿನವ" ಎಂದು ಕೇಳುವುದಿಲ್ಲ.

ಪ್ಲೈವುಡ್ಡನ್ನು ಕೇಳುತ್ತದೆ, ಅದೂ ಹೊರಗಿನ ಪದರವನ್ನು ಮಾತ್ರ. ಒಳಗೆಲ್ಲ ತಂಪುನಾಡಿನ ಪಾಪ್ಲರ್ ಮರ ಇಟ್ಟು ಹೊರಗೆ ಆಫ್ರಿಕಾದ ಒಕುಮೆ ಮರದ ಕಾಗದದಷ್ಟು ತೆಳ್ಳನೆಯ ಪದರ ಅಂಟಿಸಿದರೆ ಇಡೀ ಹಾಳೆ ಉಷ್ಣವಲಯದ್ದು, ಸಂಕೇತ 4412.31. ಒಳಗೆ ಮೆರಾಂಟಿ ತುಂಬಿ ಎರಡೂ ಬದಿಗೆ ಪಾಪ್ಲರ್ ಹೊದಿಸಿದರೆ ಉಷ್ಣವಲಯವೇ ಇಲ್ಲ. ಕಸ್ಟಮ್ಸ್‌ನವರು ಮುಖ ನೋಡಿಯೇ ಮಣೆ ಹಾಕುವುದು.