ಶಾಲೆಯ ಬ್ಯಾಡ್ಜ್ ಮೇಲಿನ ಲ್ಯಾಟಿನ್ ಸಾಲು ಉಳಿಯಬೇಕಾ?

ಪರ: ಇರಲಿ ಬಿಡಿ

ಲಂಡನ್ನಿನ ರಾಯಲ್ ಸೊಸೈಟಿ 1660ರಲ್ಲಿ ಹುಟ್ಟಿದ ವಿಜ್ಞಾನ ಸಂಸ್ಥೆ. ಅದರ ಲಾಂಛನದಲ್ಲಿ ಇರುವುದು ಮೂರೇ ಪದ: ‘ನಲ್ಲಿಯಸ್ ಇನ್ ವರ್ಬಾ’. ಯಾರೋ ಹೇಳಿದರು ಅಂತ ನಂಬಬೇಡಿ ಅಂತ ಅರ್ಥ. ರೋಮ್‌ನ ಕವಿ ಹೊರೇಸ್ ಬರೆದ ಸಾಲಿನಿಂದ ಎತ್ತಿಕೊಂಡದ್ದು. ಯಾವ ಗುರುವಿನ ಮಾತಿಗೂ ಆಣೆಯಿಟ್ಟು ಕಟ್ಟುಬಿದ್ದವನಲ್ಲ ನಾನು ಅಂತ ಅವನು ಹೇಳಿಕೊಂಡಿದ್ದ. ಪ್ರಯೋಗ ಮಾಡಿ ನೋಡು, ಆಮೇಲೆ ಒಪ್ಪು ಅನ್ನುವವರಿಗೆ ಇದಕ್ಕಿಂತ ಒಳ್ಳೆ ಸಾಲು ಎಲ್ಲಿ ಸಿಗಬೇಕು? ಅದೇನು ಸುಮ್ನೆ ಶೋಕಿಗೆ ಹಾಕಿಕೊಂಡದ್ದೂ ಅಲ್ಲ. ಆಗಿನ ಯುರೋಪಿನಲ್ಲಿ ಓದಿದವರ ಭಾಷೆ ಲ್ಯಾಟಿನ್. ನ್ಯೂಟನ್ 1687ರಲ್ಲಿ ತನ್ನ ದೊಡ್ಡ ಗ್ರಂಥ ಹೊರತಂದದ್ದೂ ಅದರಲ್ಲೇ.

ಇನ್ನೊಂದು ಲಾಭ ಇದೆ. ಲ್ಯಾಟಿನ್ ಈಗ ಯಾರ ಮನೆಮಾತೂ ಅಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಅಂತ ನಾಲ್ಕು ಭಾಷೆಗಳಿವೆ. ದೇಶದ ಹೆಸರನ್ನು ಯಾವುದರಲ್ಲಿ ಬರೆದರೂ ಉಳಿದ ಮೂವರಿಗೆ ಮುನಿಸು. ಹಾಗಾಗಿ ‘ಕಾನ್‌ಫೆಡರಾಟಿಯೊ ಹೆಲ್ವೆಟಿಕಾ’ ಅಂತ ಲ್ಯಾಟಿನ್ ಹೆಸರಿಟ್ಟುಕೊಂಡರು. ಅಲ್ಲಿನ ಕಾರುಗಳ ಹಿಂದೆ ಕಾಣುವ ‘ಸಿಎಚ್’ ಆ ಎರಡು ಪದಗಳ ಮೊದಲ ಅಕ್ಷರಗಳೇ. ಭಾಷೆಯ ಜಗಳ ನೋಡಿರುವ ನಮಗೆ ಈ ಜಾಣತನ ಬೇಗ ಅರ್ಥವಾಗಬೇಕು.

ಮಂಗಳೂರಿನ ಸಂತ ಅಲೋಶಿಯಸ್ 1880ರಲ್ಲಿ ಶುರುವಾದ ಶಿಕ್ಷಣ ಸಂಸ್ಥೆ. ಅದರ ಸಾಲು ‘ಲೂಸೆಟ್ ಎಟ್ ಆರ್ಡೆಟ್’, ಬೆಳಗುತ್ತದೆ, ಉರಿಯುತ್ತದೆ ಅಂತ. ಗೊತ್ತಿಲ್ಲದ ಪದ ಕಂಡರೆ ಹುಡುಗರು ಅರ್ಥ ಕೇಳುತ್ತಾರೆ. ಕೇಳಿ ತಿಳಿದದ್ದು ತಲೆಯಲ್ಲಿ ನಿಲ್ಲುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ‘ನ ಹಿ ಜ್ಞಾನೇನ ಸದೃಶಂ’ ಕೂಡ ಯಾರೂ ಸಂತೆಯಲ್ಲಿ ಆಡುವ ಮಾತಲ್ಲ. ಅದನ್ನು ತೆಗೆಯಿರಿ ಅಂತ ಯಾರೂ ಹೇಳುವುದಿಲ್ಲವಲ್ಲ?

ವಿರೋಧ: ಓದಿದವರಿಗೆ ತಿಳಿಯಲಿ

ಮೈಸೂರಿನ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ‘ಜ್ಞಾನ’ ಅಂದರೆ ಏನು ಅಂತ ಐದನೇ ಕ್ಲಾಸಿನ ಮಗುವಿಗೂ ಗೊತ್ತು. ‘ಆರ್ಡೆಟ್’ ಅಂದರೆ? ಮಕ್ಕಳು ಅರ್ಥ ಕೇಳುತ್ತಾರೆ ಅನ್ನುವುದು ದೊಡ್ಡವರ ಆಸೆ. ಬಹಳ ಮಕ್ಕಳು ಹತ್ತು ವರ್ಷ ಆ ಸಾಲನ್ನು ಎದೆಯ ಮೇಲೆ ಹೊತ್ತು, ಕೇಳದೆಯೇ ಶಾಲೆ ಮುಗಿಸುತ್ತಾರೆ.

ತಿಳಿಯದ ಭಾಷೆಗೆ ಇನ್ನೂ ಕೆಟ್ಟ ಗುಣ ಒಂದಿದೆ. ಮಾತು ಎಂಥದ್ದಾದರೂ ಅದಕ್ಕೆ ಗಾಂಭೀರ್ಯ ಬಂದುಬಿಡುತ್ತದೆ. ಬ್ರಿಟನ್ನಿನ ಸೇನಾಧಿಕಾರಿಗಳು ತರಬೇತಿ ಪಡೆಯುವ ಸ್ಯಾಂಡ್‌ಹರ್ಸ್ಟ್‌ನ ಚಾಪೆಲ್ ಗೋಡೆಯ ಮೇಲೆ 1913ರಲ್ಲಿ ಹೊರೇಸ್‌ನದೇ ಇನ್ನೊಂದು ಸಾಲು ಕೆತ್ತಿದರು: ‘ಡಲ್ಸೆ ಎಟ್ ಡೆಕೋರಮ್ ಎಸ್ಟ್ ಪ್ರೊ ಪ್ಯಾಟ್ರಿಯಾ ಮೋರಿ’. ನಾಡಿಗಾಗಿ ಸಾಯುವುದು ಸಿಹಿ, ಅದೇ ಗೌರವ ಅಂತ. ಮರುವರ್ಷ ಮಹಾಯುದ್ಧ ಶುರುವಾಯಿತು. ಕಂದಕಗಳಲ್ಲಿ ಹೋರಾಡಿದ ಕವಿ ವಿಲ್ಫ್ರೆಡ್ ಓವನ್, ವಿಷಾನಿಲಕ್ಕೆ ಸಿಕ್ಕಿ ಒದ್ದಾಡುವ ಸೈನಿಕನ ಬಗ್ಗೆ ಬರೆದು, ಈ ಸಾಲನ್ನು ಹಳೆಯ ಸುಳ್ಳು ಅಂದ. ಯುದ್ಧ ಮುಗಿಯಲು ಒಂದು ವಾರ ಇದ್ದಾಗ, 1918ರ ನವೆಂಬರ್ 4ರಂದು, ಅವನೂ ಸತ್ತ. ಆ ಸಾಲನ್ನು ನೇರ ಇಂಗ್ಲಿಷ್‌ನಲ್ಲಿ ಕೆತ್ತಿದ್ದರೆ ಮಗನನ್ನು ಬಿಡಲು ಬಂದ ತಾಯಿ ಓದಿ ಒಂದು ಮಾತು ಕೇಳುತ್ತಿದ್ದಳೋ ಏನೋ. ಲ್ಯಾಟಿನ್ ಆದ್ದರಿಂದ ಅದು ಬರೀ ಗೋಡೆಯ ಅಲಂಕಾರವಾಗಿ ಉಳಿಯಿತು.

ಅರ್ಥ ಗೊತ್ತಿದೆ ಅಂದುಕೊಂಡವರೂ ಎಡವುತ್ತಾರೆ. ‘ಮೆನ್ಸ್ ಸಾನಾ ಇನ್ ಕಾರ್ಪೊರೆ ಸಾನೊ’, ಗಟ್ಟಿ ದೇಹದಲ್ಲಿ ಗಟ್ಟಿ ಮನಸ್ಸು, ಈಗ ವ್ಯಾಯಾಮದ ಘೋಷಣೆ. ಈ ಸಾಲು ಬರೆದ ರೋಮ್‌ನ ಕವಿ ಜುವೆನಾಲ್ ಹೇಳಿದ್ದು ಬೇರೆ. ಜನ ದೇವರಲ್ಲಿ ದುಡ್ಡು, ಅಧಿಕಾರ, ದೀರ್ಘಾಯುಷ್ಯ ಬೇಡುವುದನ್ನು ಲೇವಡಿ ಮಾಡುತ್ತಾ, ಬೇಡಲೇಬೇಕು ಅಂದರೆ ಇಷ್ಟು ಬೇಡಿ ಅಂದ. ಅಲ್ಲಿ ಕಸರತ್ತಿನ ಮಾತೇ ಇಲ್ಲ.

ಇನ್ನು ಇಂಗ್ಲೆಂಡ್ ನೋಡಿ. ಅಲ್ಲಿನ ಸಿವಿಲ್ ಕೋರ್ಟುಗಳು 1999ರ ಹೊಸ ನಿಯಮಗಳಲ್ಲಿ ಎಷ್ಟೋ ಲ್ಯಾಟಿನ್ ಪದಗಳನ್ನು ಕೈಬಿಟ್ಟವು. ‘ಎಕ್ಸ್‌ಪಾರ್ಟಿ’ ಹೋಗಿ ‘ನೋಟಿಸ್ ಇಲ್ಲದೆ’ ಅಂತ ಸಾದಾ ಇಂಗ್ಲಿಷ್ ಬಂತು. (ನಮ್ಮ ಕೋರ್ಟುಗಳಲ್ಲಿ ಇನ್ನೂ ಎಕ್ಸ್‌ಪಾರ್ಟಿಯೇ.) ಕಕ್ಷಿದಾರನಿಗೆ ತಿಳಿಯಲಿ ಅಂತ ನ್ಯಾಯಾಲಯವೇ ಇಷ್ಟು ಮಾಡಬಹುದಾದರೆ ಶಾಲೆಗೆ ಯಾಕೆ ಕಷ್ಟ? ಹಳೆಯ ಸಾಲನ್ನು ಕಚೇರಿಯ ಗೋಡೆ ಮೇಲೆ ಇಟ್ಟುಕೊಳ್ಳಲಿ, ಬೇಡ ಅನ್ನುವವರಿಲ್ಲ. ಬ್ಯಾಡ್ಜ್‌ನಲ್ಲಿ ಜಾಗ ಇರುವುದು ಒಂದೇ ಸಾಲಿಗೆ. ಮಂಗಳೂರಿನಲ್ಲಾದರೆ ಅದು ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಇರಲಿ. ಯಾವುದರಲ್ಲಿ ಅಂತ ಅಲ್ಲಿನವರೇ ಕೂತು ಜಗಳಾಡಿ ತೀರ್ಮಾನಿಸಲಿ.