ಗೆರೆಯ ಮೇಲೆ ಏನು ಬರೆದಿದ್ದೀಯ?

ನಿನ್ನೆ ಸಂಜೆ ಅಕ್ಕನ ಮಗಳ ವಿಜ್ಞಾನದ ನೋಟ್ಸ್ ತಿರುವಿಹಾಕುತ್ತಿದ್ದೆ. ಏಳನೇ ಕ್ಲಾಸು. ಪುಟದ ನಡುವೆ ‘ದ್ಯುತಿಸಂಶ್ಲೇಷಣೆ’ (ಗಿಡ ಬಿಸಿಲಿನಲ್ಲಿ ನೀರು, ಗಾಳಿಯಿಂದ ತನ್ನ ಊಟ ತಾನೇ ಮಾಡಿಕೊಳ್ಳುವುದು), ಸುತ್ತ ಆರು ಕವಲು, ಆರು ಬಣ್ಣ. ಕೆಳಗೆ ಕೆಂಪು ಇಂಕಿನಲ್ಲಿ ‘ಗುಡ್’. "ನೀರಿನಿಂದ ಇಲ್ಲಿಗೆ ಗೆರೆ ಎಳೆದಿದ್ದೀಯಲ್ಲ, ಯಾಕೆ ಪುಟ್ಟಿ?" ಅಂದೆ. "ಬೋರ್ಡ್ ಮೇಲೆ ಹಾಗೇ ಇತ್ತು ಚಿಕ್ಕಮ್ಮ" ಅಂದಳು.

ಸಿಟ್ಟು ನೆತ್ತಿಗೇರಿತು. ಮಗುವಿನ ಮೇಲಲ್ಲ. ಯೋಚಿಸಿದವರು ಟೀಚರು, ಮಗು ಮಾಡಿದ್ದು ನಕಲು. ಅದನ್ನು ಮೈಂಡ್ ಮ್ಯಾಪ್, ಅಂದರೆ ತಲೆಯಲ್ಲಿರುವುದರ ನಕ್ಷೆ, ಅಂತ ಯಾಕೆ ಕರೀಬೇಕು?

ಪುಸ್ತಕ ಮುಚ್ಚಿಸಿ, ಖಾಲಿ ಹಾಳೆ ಕೊಟ್ಟೆ. ಪ್ರತಿ ಗೆರೆಯ ಮೇಲೂ ಒಂದು ಕ್ರಿಯಾಪದ ಬರೀಬೇಕು ಅಂದೆ: ಹೀರುತ್ತದೆ, ಬಿಡುತ್ತದೆ, ಆಗುತ್ತದೆ, ಹೀಗೆ. ಹತ್ತು ನಿಮಿಷ ಪೆನ್ಸಿಲ್ ಕಚ್ಚಿದಳು. ಆಮೇಲೆ ಮಣ್ಣಿನಿಂದ ಗಿಡಕ್ಕೆ ದಪ್ಪ ಗೆರೆ ಎಳೆದು ‘ಊಟ ಕೊಡುತ್ತದೆ’ ಅಂತ ಬರೆದಳು. ನೋಡಿ, ತಪ್ಪು ಸಿಕ್ಕಿತು! ಆ ಆರು ಬಣ್ಣದ ಪುಟದಲ್ಲಿ ಇದು ಎಲ್ಲೂ ಕಂಡಿರಲಿಲ್ಲ.

1970ರ ದಶಕದಲ್ಲಿ ಅಮೆರಿಕದ ಶಿಕ್ಷಣತಜ್ಞ ಜೋಸೆಫ್ ನೊವಾಕ್ ಇಂಥದ್ದೇ ‘ಕಾನ್ಸೆಪ್ಟ್ ಮ್ಯಾಪ್’ (ವಿಷಯಗಳನ್ನು ಗೆರೆಗಳಿಂದ ಜೋಡಿಸುವ ನಕ್ಷೆ) ರೂಪಿಸಿದ್ದೇ ಮಕ್ಕಳ ತಲೆಯಲ್ಲಿ ವಿಜ್ಞಾನ ಹೇಗೆ ಕೂತಿದೆ ಅಂತ ಕಾಣುವುದಕ್ಕೆ. ಗೆರೆಯ ಮೇಲೆ ಪದ ಬರೆಸುವ ಪದ್ಧತಿ ಅಲ್ಲಿಯದು. ನಾವು ಬಣ್ಣ ಉಳಿಸಿಕೊಂಡು ಪದ ಬಿಟ್ಟೆವು.

ಹೌದು, ‘ನಾವು’. ಪಾಠ ಹೇಳುತ್ತಿದ್ದ ಅಷ್ಟೂ ವರ್ಷ ನಾನೂ ಬಣ್ಣದ ಚಾಕ್‌ಪೀಸ್ ಹಿಡಿದು ಬೋರ್ಡ್ ತುಂಬಿಸಿದವಳೇ. ಮಕ್ಕಳು ಬರೆದುಕೊಂಡರೆ ಕಲಿತರು ಅಂದುಕೊಂಡಿದ್ದೆ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಕಾರ್ಪಿಕೆ–ಬ್ಲಂಟ್ ಅಧ್ಯಯನ ತೋರಿಸಿ, ಮ್ಯಾಪೇ ದಂಡ ಅನ್ನುವವರಿದ್ದಾರೆ. ಅಲ್ಲಿ ಕಾಲೇಜು ವಿದ್ಯಾರ್ಥಿಗಳು ಪಾಠ ಎದುರಿಗಿಟ್ಟುಕೊಂಡು ಮ್ಯಾಪ್ ಬರೆದಿದ್ದರು. ಪಾಠ ಪಕ್ಕಕ್ಕಿಟ್ಟು ನೆನಪಿನಿಂದ ಬರೆದವರಿಗೆ ಹೆಚ್ಚು ಉಳಿಯಿತು. ನಾನೂ ಅದನ್ನೇ ಹೇಳುತ್ತಿರುವುದು, ಪುಸ್ತಕ ಮುಚ್ಚಿಸಿ! ಇನ್ನು ಪೋರ್ಷನ್ ಮುಗಿಯಲ್ಲ ಅನ್ನುವ ಮಾತು. ಪೋರ್ಷನ್ ಮುಗಿದ ಮೇಲೂ ಗಿಡ ಮಣ್ಣು ತಿನ್ನುತ್ತಿದ್ದರೆ ಮುಗಿದದ್ದಾದರೂ ಏನು?

ಪುಟ್ಟಿಗೆ 17ನೇ ಶತಮಾನದ ವಿಜ್ಞಾನಿ ಫಾನ್ ಹೆಲ್ಮಾಂಟ್ ಕಥೆ ಹೇಳಿದೆ. 200 ಪೌಂಡ್ (ಸುಮಾರು 90 ಕೆ.ಜಿ.) ಒಣಮಣ್ಣಿನಲ್ಲಿ ವಿಲ್ಲೋ ಗಿಡ ನೆಟ್ಟು ಐದು ವರ್ಷ ಬರೀ ನೀರು ಹಾಕಿದ. ಗಿಡ 164 ಪೌಂಡ್ ಬೆಳೆಯಿತು, ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್ (57 ಗ್ರಾಂನಷ್ಟು). ಎಲ್ಲ ನೀರಿನಿಂದಲೇ ಬಂತು ಅಂತ ಅವನೂ ತಪ್ಪು ತಿಳಿದ, ಗಾಳಿಯನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಅವಳು ದಪ್ಪ ಗೆರೆ ಉಜ್ಜಿ ಅಳಿಸಿದಳು. ಗಾಳಿಯಿಂದ ಎಲೆಗೆ ಹೊಸ ಗೆರೆ ಬಂತು. ಆಮೇಲೆ ತಲೆಯೆತ್ತಿ, "ಹಾಗಾದ್ರೆ ಆ 2 ಔನ್ಸ್ ಎಲ್ಲಿ ಹೋಯ್ತು ಚಿಕ್ಕಮ್ಮ?" ಅಂದಳು. ಹಾಳೆಯಲ್ಲಿ ಜಾಗ ಇರಲಿಲ್ಲ. ಇನ್ನೊಂದು ಹಾಳೆ ತಂದು ಅಂಟಿಸಿಕೊಂಡಳು.