ಸತ್ಯಾಂಶ: ಲಿಂಜ್ ‘ವಿಶ್ವದ ನಂ. 1 ಡಿಜಿಟಲ್ ಕಲಾ ನಗರ’ವೇ?

‘ಆಸ್ಟ್ರಿಯಾದ ಲಿಂಜ್ ನಗರವನ್ನು ಯುನೆಸ್ಕೋ ಡಿಜಿಟಲ್ ಕಲೆಯಲ್ಲಿ ವಿಶ್ವಕ್ಕೇ ಮೊದಲನೆಯದೆಂದು ಘೋಷಿಸಿದೆ, ವರ್ಷವರ್ಷವೂ ಹಣ ಕೊಡುತ್ತದೆ’ ಎಂಬ ಸಂದೇಶದ ಎರಡೂ ಮಾತು ತಪ್ಪು.

ಲಿಂಜ್ 2014ರಲ್ಲಿ ಸೇರಿದ್ದು 2004ರಲ್ಲಿ ಶುರುವಾದ ಯುನೆಸ್ಕೋ ಸೃಜನಶೀಲ ನಗರಗಳ ಜಾಲಕ್ಕೆ, ಮಾಧ್ಯಮ ಕಲೆಯ, ಅಂದರೆ ಡಿಜಿಟಲ್ ತಂತ್ರಜ್ಞಾನ ಬಳಸುವ ಕಲೆಯ, ವಿಭಾಗದಲ್ಲಿ. ಅಲ್ಲಿ ರ್‍ಯಾಂಕ್ ಇಲ್ಲ. ಫ್ರಾನ್ಸಿನ ಲಿಯೋನ್, ಜಪಾನಿನ ಸಪ್ಪೊರೊ, ಸೆನೆಗಲ್‌ನ ಡಾಕಾರ್ ಕೂಡ ಅದೇ ವಿಭಾಗದ ಸದಸ್ಯ ನಗರಗಳು. ನಗರವೇ ಅರ್ಜಿ ಹಾಕಬೇಕು. ತನ್ನ ದೇಶದ ಯುನೆಸ್ಕೋ ರಾಷ್ಟ್ರೀಯ ಆಯೋಗದ ಒಪ್ಪಿಗೆ ಪತ್ರ ಜೊತೆಗಿಡಬೇಕು. ಆಯ್ಕೆಯಾದರೆ ಅನುದಾನ ಬರುವುದಿಲ್ಲ, ಕೆಲಸ ಬರುತ್ತದೆ: ಕಾರ್ಯಕ್ರಮಗಳ ಖರ್ಚನ್ನು ನಗರವೇ ಹೊಂದಿಸಿಕೊಂಡು, ನಾಲ್ಕು ವರ್ಷಕ್ಕೊಮ್ಮೆ ವರದಿ ಒಪ್ಪಿಸಬೇಕು.

ಗೊಂದಲಕ್ಕೆ ಕಾರಣ ‘ಸಿಟಿ ಆಫ್ ಮೀಡಿಯಾ ಆರ್ಟ್ಸ್’ ಎಂಬ ಬಿರುದು. ಅದು ಪ್ರಶಸ್ತಿಯಂತೆ ಕೇಳಿಸುತ್ತದೆ. ಆದರೆ ಲಿಂಜ್‌ನ ನಿಜವಾದ ಹಿರಿಮೆ ಬಿರುದಿಗಿಂತ ಹಳೆಯದು. ಉಕ್ಕಿನ ಕಾರ್ಖಾನೆಯ ಈ ಊರು 1979ರಲ್ಲೇ ಕಲೆ, ತಂತ್ರಜ್ಞಾನಗಳನ್ನು ಬೆಸೆಯುವ ಆರ್ಸ್ ಎಲೆಕ್ಟ್ರಾನಿಕಾ ಉತ್ಸವ ಆರಂಭಿಸಿತು. ಆ ವರ್ಷ ಡಾನ್ಯೂಬ್ ದಂಡೆಯಲ್ಲಿ ಧ್ವನಿವರ್ಧಕಗಳಿಂದ ಆಸ್ಟ್ರಿಯಾದ ಸಂಗೀತ ಸಂಯೋಜಕ ಬ್ರುಕ್ನರ್ ಅವರ ಸಂಗೀತ ಮೊಳಗಿದಾಗ, ಜನ ಮನೆ ಕಿಟಕಿಗಳಲ್ಲಿ ರೇಡಿಯೊ ಇಟ್ಟು ದನಿಗೂಡಿಸಿದರು. 1987ರಲ್ಲಿ ಕಂಪ್ಯೂಟರ್ ಕಲೆಗೆ ಪ್ರಶಸ್ತಿ, 1996ರಲ್ಲಿ ಅದಕ್ಕೆಂದೇ ಒಂದು ವಸ್ತುಸಂಗ್ರಹಾಲಯ ಬಂದವು. ಈ ಮೂರೂವರೆ ದಶಕದ ದುಡಿಮೆಯೇ ಅರ್ಜಿಗೆ ತೂಕ ಕೊಟ್ಟಿತು.

ಭಾರತದಿಂದ ವಾರಾಣಸಿ, ಚೆನ್ನೈ ಸಂಗೀತಕ್ಕೆ, ಮುಂಬೈ ಚಲನಚಿತ್ರಕ್ಕೆ ಈ ಜಾಲದಲ್ಲಿವೆ. ‘ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠ ಎಂದು ಯುನೆಸ್ಕೋ ಘೋಷಿಸಿದೆ’ ಎಂದು ವರ್ಷಗಳಿಂದ ಸುತ್ತುತ್ತಿರುವ ಸುಳ್ಳೂ ಇದೇ ಜಾತಿಯದು.